ರಿಪೋರ್ಟಿನ ಬೆನ್ನಿಗೆ ಬರುವ ಕನ್ನಡ ಪುಸ್ತಿಕೆ: ಯಾವ ಅರ್ಥ ನಿಲ್ಲುತ್ತದೆ, ಯಾವುದನ್ನು ತಿದ್ದಬೇಕು

ಹುಬ್ಬಳ್ಳಿ ವಿದ್ಯಾನಗರದ ಒಂದು ರಕ್ತ ತಪಾಸಣೆ ಲ್ಯಾಬಿನವರು ರಿಪೋರ್ಟಿನ ಹಿಂದೆ ಎಂಟು ಪುಟದ ಕನ್ನಡ ಪುಸ್ತಿಕೆಯೊಂದನ್ನು ಪಿನ್ ಹೊಡೆದು ಕೊಡುತ್ತಾರೆ. ಅದಕ್ಕೆ ಬೇರೆ ರೊಕ್ಕ ಇಲ್ಲ. ರಿಪೋರ್ಟಿನಲ್ಲಿ ಬರುವ ಅರವತ್ತರಷ್ಟು ಶಬ್ದಗಳಿಗೆ ಅರ್ಥ, ಪಕ್ಕದಲ್ಲಿ ಎಷ್ಟರಿಂದ ಎಷ್ಟು ಇರಬೇಕೆಂಬ ಅಂಕಿ. ಜೊತೆಗೆ ಕೌಂಟರಿನ ಎಡಗಡೆ ಒಂದು ಮೇಜು. ಅಲ್ಲಿ ಕೂತ ಹುಡುಗಿ ಕೇಳಿದವರಿಗೆ ಶಬ್ದ ಬಿಡಿಸಿ ಹೇಳುತ್ತಾಳೆ. ಇಲ್ಲಿ ತೂಗಿ ನೋಡಿದ್ದು ಈ ಎರಡನ್ನಷ್ಟೇ. ತಪಾಸಣೆಯ ದರ, ಸೂಜಿ ಚುಚ್ಚುವವರ ಕೈಗುಣ, ಕೂರುವ ಜಾಗ ಇದರಲ್ಲಿ ಸೇರಿಲ್ಲ.

ಈ ಪುಸ್ತಿಕೆಯ ನಿಜವಾದ ಕೆಲಸ ಇರುವುದು ಒಂದೇ ರಾತ್ರಿ. ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯವರು ಮೊದಲ ಬಸ್ಸಿಗೆ ಹಸಿದ ಹೊಟ್ಟೆಯಲ್ಲಿ ಬಂದು ರಕ್ತ ಕೊಡುತ್ತಾರೆ. ಸಂಜೆ ರಿಪೋರ್ಟ್ ಕೈಗೆ ಬರುತ್ತದೆ, ಡಾಕ್ಟರು ಸಿಗುವುದು ಮರುದಿನ. ನಡುವಿನ ರಾತ್ರಿ ಮನೆಮಂದಿಯೆಲ್ಲ ಆ ಕಾಗದ ಹಿಡಿದು, ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಗಳನ್ನು ನೋಡುತ್ತ ಕೂರುತ್ತಾರೆ. ಆದ್ದರಿಂದ ಒಂದೊಂದು ಅರ್ಥವನ್ನೂ ಎರಡು ಪ್ರಶ್ನೆ ಇಟ್ಟು ಒರೆಗೆ ಹಚ್ಚಬೇಕು. ಹೆದರಬೇಕಿಲ್ಲದ್ದಕ್ಕೆ ಇದು ಹೆದರಿಸುತ್ತದೆಯೇ? ಬೆಳಗಿನ ತನಕ ಕಾಯಬಾರದ್ದನ್ನು ಮುಚ್ಚಿಡುತ್ತದೆಯೇ?

"ನೆಗೆಟಿವ್" ಎಂಬುದಕ್ಕೆ ಬರೆದ ಅರ್ಥ ಎಲ್ಲಕ್ಕಿಂತ ಚಲೋ: "ಹುಡುಕಿದ್ದು ಸಿಗಲಿಲ್ಲ." ಎರಡೇ ಶಬ್ದ. ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದು ಮೇಜಿನ ಮುಂದೆ ಗೊತ್ತಾಗುತ್ತದೆ. ಮರುದಿನ ಬೆಳಗ್ಗೆ ಬಂದ, ಹೆಗಲ ಮೇಲೆ ಟವೆಲ್ ಹಾಕಿದ ಅಜ್ಜ, ಮೊಮ್ಮಗನ ಕೈಯಿಂದ ಕಾಗದ ಇಸಿದುಕೊಂಡು ಮುಂದೆ ಹಿಡಿದು, "ಯವ್ವಾ, ನೆಗೆಟಿವ್ ಬಂದೈತಿ ಅಂತಾನ ಇಂವ. ಕೆಟ್ಟ ಬಂತೇನ ಹಂಗಾದ್ರ?" ಎನ್ನುತ್ತಾರೆ. ಹುಡುಗಿ ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ರಿ ಅಜ್ಜಾರ. ಕಾಮಣಿ ವೈರಸ್ ಐತೇನು ಅಂತ ಹುಡುಕಿದ್ವಿ, ಸಿಗಲಿಲ್ರಿ. ಚಲೋ ಸುದ್ದಿನ ಐತಿ" ಎನ್ನುತ್ತಾಳೆ. ಅಜ್ಜ ಟವೆಲ್‌ನಿಂದ ಮುಖ ಒರೆಸಿಕೊಂಡು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಇಡುತ್ತಾರೆ. ಇಷ್ಟಾದರೆ ಒಂದು ಅರ್ಥ ಗೆದ್ದಂತೆ.

ಇದೇ ಸಾಲಿಗೆ ಇನ್ನೆರಡು ಮಾತು ಸೇರಬೇಕು. ಮೊದಲನೆಯದು, "ರಿಯಾಕ್ಟಿವ್" (ಹುಡುಕಿದ್ದರ ಸುಳಿವು ಸಿಕ್ಕಿತು) ಎಂದು ಬಂದರೆ ಅದು ಕೊನೆಯ ತೀರ್ಪಲ್ಲ. ಎಚ್‌ಐವಿಯ ವಿಷಯದಲ್ಲಿ ಮೊದಲ ತಪಾಸಣೆ ರಿಯಾಕ್ಟಿವ್ ಬಂದವರಿಗೆ ಬೇರೆ ಬೇರೆ ಬಗೆಯ ಕಿಟ್‌ಗಳಲ್ಲಿ ಒಟ್ಟು ಮೂರು ಪರೀಕ್ಷೆ ಆದ ಮೇಲೆಯೇ ಖಾತ್ರಿ ಮಾಡುತ್ತಾರೆ, ಸರಕಾರಿ ಆಸ್ಪತ್ರೆಯ ಐಸಿಟಿಸಿ (ಸಲಹೆ ಕೊಟ್ಟು ಎಚ್‌ಐವಿ ಪರೀಕ್ಷೆ ಮಾಡುವ) ಕೇಂದ್ರದಲ್ಲಿ ಅದು ಪುಕ್ಕಟೆ, ಗುಟ್ಟೂ ಉಳಿಯುತ್ತದೆ. ಎರಡನೆಯದು, ರಕ್ತದ ಗುಂಪಿನ ನೆಗೆಟಿವ್ ಬೇರೆಯೇ. "ಓ ನೆಗೆಟಿವ್" ಎಂದರೆ ಬ್ಯಾನಿ ಇಲ್ಲ ಎಂದಲ್ಲ, ಇದೆ ಎಂದೂ ಅಲ್ಲ. ಅದು ಹುಟ್ಟಿನಿಂದ ಬಂದ ಗುಂಪು. ಆದರೆ ಬಸುರಿಯ ಗುಂಪು ನೆಗೆಟಿವ್, ಗಂಡನದು ಪಾಸಿಟಿವ್ ಇದ್ದರೆ 28ನೇ ವಾರಕ್ಕೆ ಒಂದು, ಹುಟ್ಟಿದ ಕೂಸು ಪಾಸಿಟಿವ್ ಇದ್ದರೆ ಹೆರಿಗೆಯಾದ 72 ತಾಸಿನೊಳಗೆ ಇನ್ನೊಂದು ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಪುಸ್ತಿಕೆ ಇದನ್ನು ಬಿಟ್ಟಿದೆ. ಮುಂದಿನ ಬಸಿರಿನ ಕೂಸಿಗೆ ಕುತ್ತು ತರುವ ಮಾತಾದ್ದರಿಂದ ಇದನ್ನು ಬಿಡಬಾರದಿತ್ತು.

ಹಿಮೋಗ್ಲೋಬಿನ್‌ಗೆ ಬರೆದದ್ದು ಸರಿ ಇದೆ: "ಪುಪ್ಪುಸದಿಂದ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚುವ, ರಕ್ತದ ಕೆಂಪು ಪದಾರ್ಥ." ಗಂಡಸರಿಗೆ 13, ಹೆಂಗಸರಿಗೆ 12, ಬಸುರಿಗೆ 11 ಗ್ರಾಂಗಿಂತ ಕಡಿಮೆಯಾದರೆ ರಕ್ತ ಕಡಿಮೆ ಎಂಬ ಅಂಕಿಗಳೂ ಸರಿ. ಕಬ್ಬಿಣದ ಗುಳಿಗೆ ನುಂಗಿದರೆ ಸಂಡಾಸ ಕಪ್ಪಾಗುತ್ತದೆ, ಗಾಬರಿಯಾಗಬೇಡಿ ಎಂದು ಬರೆದದ್ದು ಬಹಳ ಉಪಯೋಗದ ಮಾತು. ಬಸುರಿಯರಲ್ಲಿ ಕೆಲವರು ಗುಳಿಗೆ ಬಿಡುವುದು ಇದೇ ಕಾರಣಕ್ಕೆ. ಆದರೆ ಅದೇ ಸಾಲಿನಲ್ಲಿ ಇದರ ಇನ್ನೊಂದು ಮಗ್ಗುಲೂ ಬರಬೇಕು: ಗುಳಿಗೆ ನುಂಗದೆಯೇ ಸಂಡಾಸ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಬಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಆಗ ಬೆಳಗಿನ ತನಕ ಕಾಯಬಾರದು. ಬಣ್ಣ ಒಂದೇ, ಅರ್ಥ ತಿರುವುಮುರುವು.

ಗುಳಿಗೆ ಮೂರು ತಿಂಗಳು ನುಂಗಿದರೂ ಅಂಕಿ ಏರದಿರುವುದಕ್ಕೆ ನಮ್ಮ ಕಡೆ ಎದ್ದು ಕಾಣುವ ಒಂದು ಕಾರಣ ಚಹಾ. ರೊಟ್ಟಿ ತಿಂದು, ಗುಳಿಗೆ ನುಂಗಿ, ಅದರ ಮೇಲೆ ಅರ್ಧ ಕಪ್ ಚಹಾ ಕುಡಿದರೆ ಚಹಾದ ಒಗರು ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರಗೊಡುವುದಿಲ್ಲ. ಗುಳಿಗೆಗೂ ಚಹಾಕ್ಕೂ ಒಂದೆರಡು ತಾಸು ಅಂತರ ಬೇಕು. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಹಿಡಿಯುವುದು ಹೆಚ್ಚು. ಇನ್ನು ಐವತ್ತು ದಾಟಿದ ಗಂಡಸಿಗೆ 9 ಬಂದರೆ ಟಾನಿಕ್ ಬಾಟ್ಲಿ ತಂದು ಸುಮ್ಮನಾಗುವ ಹಾಗಿಲ್ಲ. ಗಂಡಸಿಗೆ ತಿಂಗಳ ಮುಟ್ಟಿಲ್ಲ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಲೇಬೇಕು: ಮೂಲವ್ಯಾಧಿಯೋ, ಹೊಟ್ಟೆಯ ಹುಣ್ಣೋ, ಕರುಳಿನ ಗಂಟೋ. ಪುಸ್ತಿಕೆ ಗಂಡಸಿಗೂ ಹೆಂಗಸಿಗೂ ಒಂದೇ ಸಲಹೆ ಕೊಟ್ಟಿದೆ, "ಸೊಪ್ಪು, ಬೆಲ್ಲ ತಿನ್ನಿ" ಎಂದು. ಇಷ್ಟು ಸಾಲದು.

ಎಚ್‌ಬಿಎ1ಸಿಗೆ "ಮೂರು ತಿಂಗಳ ಸಕ್ಕರಿ ಲೆಕ್ಕ" ಎಂದು ಬರೆದಿದ್ದಾರೆ. ಎಲ್ಲರೂ ಹಿಡಿಯಬಲ್ಲ ಮಾತು. ರಕ್ತದ ಸಕ್ಕರೆ ಹಿಮೋಗ್ಲೋಬಿನ್ನಿಗೆ ಮೆತ್ತಿಕೊಳ್ಳುತ್ತ ಹೋಗುತ್ತದೆ, ಕೆಂಪು ಕಣ ಬದುಕುವುದು ಸುಮಾರು 120 ದಿನ. ಆದ್ದರಿಂದ ತಪಾಸಣೆಗೆ ಎರಡು ದಿನ ಮುಂಚೆ ಅನ್ನ ಬಿಟ್ಟರೆ ಉಪವಾಸದ ಶುಗರ್ ಇಳಿದೀತು, ಈ ಅಂಕಿ ಇಳಿಯದು. 5.7ರ ಕೆಳಗೆ ಸರಿ, 5.7ರಿಂದ 6.4 ಹೊಸ್ತಿಲ ಮೇಲೆ, 6.5 ಮತ್ತು ಮೇಲೆ ಸಕ್ಕರೆ ಕಾಯಿಲೆ. ಇದರ ಸರಾಸರಿಯನ್ನು ದಿನದ ಶುಗರ್ ಅಂಕಿಗೆ ತಿರುಗಿಸಿ ಕೊಟ್ಟಿದ್ದರೆ ಇನ್ನೂ ಚಲೋ ಇತ್ತು: 6 ಎಂದರೆ ಸರಾಸರಿ 126, 7 ಎಂದರೆ 154, 8 ಎಂದರೆ 183, 9 ಎಂದರೆ 212. ಮನೆಯಲ್ಲಿ ಗ್ಲುಕೋಮೀಟರ್ ಇದ್ದವರಿಗೆ ಎರಡೂ ಅಂಕಿ ತಾಳೆ ಹಾಕಲು ಬರುತ್ತದೆ.

ಬಿಟ್ಟುಹೋದ ಎಚ್ಚರಿಕೆ ಇಷ್ಟು: ಹಿಮೋಗ್ಲೋಬಿನ್ ತೀರ ಕಡಿಮೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಈ ಲೆಕ್ಕ ತಪ್ಪುತ್ತದೆ. ಕಬ್ಬಿಣ ಕಡಿಮೆಯಿದ್ದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು, ರಕ್ತ ಹೋಗಿದ್ದರೆ ಕಡಿಮೆ ತೋರಬಹುದು. ಹಿಮೋಗ್ಲೋಬಿನ್ 8 ಇದ್ದು ಎ1ಸಿ 6.6 ಬಂದರೆ, ಆ ರಾತ್ರಿಯೇ "ನನಗೂ ಸಕ್ರಿ ಬ್ಯಾನಿ ಬಂತು" ಎಂದು ಎದೆ ಒಡೆದುಕೊಳ್ಳಬೇಕಿಲ್ಲ, ಉಪವಾಸದ ಶುಗರ್ ಕೂಡ ನೋಡಿದ ಮೇಲೆಯೇ ಮಾತು. ಊಟವಾದ ಮೇಲಿನ ಶುಗರ್‌ಗೆ ಎರಡು ತಾಸು ಎಂದರೆ ಮೊದಲ ತುತ್ತು ಬಾಯಿಗಿಟ್ಟ ಗಳಿಗೆಯಿಂದ ಎಣಿಸಬೇಕು. ಕೈ ತೊಳೆದ ಮೇಲಿಂದ ಎಣಿಸುವವರೇ ಬಹಳ, ಅರ್ಧ ತಾಸು ಅಲ್ಲೇ ಹೋಗುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪಿಗೆ ಬರೋಣ, 5ನೇ ಪುಟದ ಕ್ರಿಯಾಟಿನಿನ್. "ಕಿಡ್ನಿಯ ಕಲ್ಮಶ. 1.2ರ ಒಳಗಿದ್ದರೆ ಕಿಡ್ನಿ ಸರಿಯಾಗಿದೆ" ಎಂದು ಅಚ್ಚಾಗಿದೆ. ಎರಡು ವಾಕ್ಯ, ಎರಡೂ ಸರಿಯಲ್ಲ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ಸೋಸುವುದು ಕುಂದಿದರೆ ರಕ್ತದಲ್ಲಿ ಅದು ಏರುತ್ತದೆ, ಆದ್ದರಿಂದ ಅದೊಂದು ಅಳತೆಗೋಲು. ಆದರೆ ಮೈಯಲ್ಲಿ ಸ್ನಾಯುವೇ ಕಡಿಮೆಯಿದ್ದರೆ ಕ್ರಿಯಾಟಿನಿನ್ ಹುಟ್ಟುವುದೂ ಕಡಿಮೆ. 1.2 ಎಂಬ ಒಂದೇ ಅಂಕಿಯನ್ನು ಇಬ್ಬರ ಮೇಲೆ ಇಟ್ಟು ನೋಡಿ. ಮೂವತ್ತರ ಗಂಡಸಿಗೆ ಅದು ಇಜಿಎಫ್‌ಆರ್ (ವಯಸ್ಸು, ಗಂಡು-ಹೆಣ್ಣು ನೋಡಿ ಕ್ರಿಯಾಟಿನಿನ್‌ನಿಂದ ತೆಗೆದ, ಕಿಡ್ನಿ ಸೋಸುವ ಲೆಕ್ಕ) ಸುಮಾರು 83, ಚಿಂತೆ ಇಲ್ಲ. ಎಪ್ಪತ್ತರ ಅಜ್ಜಿಗೆ ಅದೇ 1.2 ಎಂದರೆ ಇಜಿಎಫ್‌ಆರ್ ಸುಮಾರು 49, ಅಂದರೆ ಕಿಡ್ನಿಯ ಸೋಸುವ ಶಕ್ತಿ ಅರ್ಧಕ್ಕೆ ಇಳಿದಿದೆ. ಪುಸ್ತಿಕೆ ಓದಿದ ಮನೆಯವರು ಅಜ್ಜಿಯ ಕಿಡ್ನಿ ಸರಿ ಇದೆ ಎಂದು ನೆಮ್ಮದಿಯಿಂದ ಮಲಗುತ್ತಾರೆ, ಅಜ್ಜಿ ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯ ಡೈಕ್ಲೋಫಿನಾಕ್ ನುಂಗುತ್ತಲೇ ಇರುತ್ತಾಳೆ. ಆ ಗುಳಿಗೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಉಳಿದ ಅರ್ಧಕ್ಕೂ ಕುತ್ತು ಬರುವುದು ಹೀಗೆ.

ಇಲ್ಲಿ ಬರಬೇಕಿದ್ದ ಅರ್ಥ ಇಷ್ಟು: "ಸ್ನಾಯುವಿನಿಂದ ಬರುವ ಕಸ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಇದರಿಂದ ಅಂದಾಜು ಮಾಡುತ್ತಾರೆ. ಈ ಅಂಕಿ ಒಂದನ್ನೇ ನೋಡಬೇಡಿ, ಕೆಳಗಿನ ಇಜಿಎಫ್‌ಆರ್ ನೋಡಿ. ಅದು 60ರ ಕೆಳಗಿದ್ದು, ಮೂರು ತಿಂಗಳ ಮೇಲೂ ಹಾಗೇ ಇದ್ದರೆ ಕಿಡ್ನಿ ಕಾಯಿಲೆ. ಅಲ್ಲಿಯ ತನಕ ಡಾಕ್ಟರನ್ನು ಕೇಳದೆ ನೋವಿನ ಗುಳಿಗೆ ಬೇಡ." ಮೂರು ತಿಂಗಳ ಮಾತು ಮುಖ್ಯ. ವಾಂತಿ-ಭೇದಿಯಾಗಿ ಮೈಯ ನೀರು ಹೋದಾಗ ಅಂಕಿ ಏರಿ, ನೀರು ಸೇರಿದ ಮೇಲೆ ಇಳಿಯಬಹುದು. ಒಂದು ಸಲದ ಏರಿಕೆಗೆ ಡಯಾಲಿಸಿಸ್ ನೆನೆದು ಅಳಬೇಕಿಲ್ಲ. ಹಾಗೆಂದು ಉಚ್ಚೆ ಬಹಳ ಕಡಿಮೆಯಾಗಿದ್ದರೆ ತಡ ಮಾಡಲೂಬಾರದು.

ಪ್ಲೇಟ್ಲೆಟ್ ಸಾಲಿನ ತೊಂದರೆ ಅರ್ಥದ್ದಲ್ಲ, ಅಳತೆಯದು. ಪುಸ್ತಿಕೆ "1.5 ಲಕ್ಷದಿಂದ 4.5 ಲಕ್ಷ ಇರಬೇಕು" ಎನ್ನುತ್ತದೆ. ಅದೇ ಪಿನ್ನಿಗೆ ಸಿಕ್ಕ ರಿಪೋರ್ಟಿನಲ್ಲಿ ಅಚ್ಚಾಗಿರುವುದು 220. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹತ್ತು, ಅದರ ತಲೆಯ ಮೇಲೆ ಮೂರು. ಸಾವಿರದ ಲೆಕ್ಕ ಎಂದು ಅದರ ಅರ್ಥ. 220 ಎಂದರೆ 2 ಲಕ್ಷ 20 ಸಾವಿರ, ಪೂರ್ತಿ ಸರಿ ಇರುವ ಅಂಕಿ. ಆದರೆ ಡೆಂಗಿಯ ಮಳೆಗಾಲದಲ್ಲಿ ಲಕ್ಷ ಇರಬೇಕಾದ ಕಡೆ ಇನ್ನೂರ ಇಪ್ಪತ್ತು ನೋಡಿದ ತಾಯಿಗೆ ಜೀವ ಬಾಯಿಗೆ ಬರುತ್ತದೆ. ಎರಡೂ ಕಾಗದ ಒಂದೇ ಲ್ಯಾಬಿನವು, ಒಂದೇ ಅಳತೆಯಲ್ಲಿ ಇರಬೇಕು. ಬಿಳಿ ರಕ್ತಕಣದ ಸಾಲಿಗೂ ಇದೇ ಮಾತು: 7.8 ಎಂದರೆ 7,800.

ಇನ್ನೊಂದು ಗೊಂದಲವನ್ನು ಪುಸ್ತಿಕೆ ಚೆನ್ನಾಗಿ ಬಿಡಿಸಿದೆ. ಡೆಂಗಿಯಲ್ಲಿ "ಬಿಳಿ ರಕ್ತಕಣ ಇಳಿದಾವ" ಎಂದು ಊರೆಲ್ಲ ಹೇಳುವುದು ಪ್ಲೇಟ್ಲೆಟ್ಟಿಗೆ. ಪ್ಲೇಟ್ಲೆಟ್ ಬೇರೆ, ಬಿಳಿ ಕಣ ಬೇರೆ. ರಕ್ತ ಹೆಪ್ಪುಗಟ್ಟಿಸಿ ಸೋರುವುದನ್ನು ನಿಲ್ಲಿಸುವವು ಪ್ಲೇಟ್ಲೆಟ್, ಸೋಂಕಿನೊಡನೆ ಹೋರಾಡುವವು ಬಿಳಿ ಕಣ. ಡೆಂಗಿಯಲ್ಲಿ ಎರಡೂ ಇಳಿಯಬಹುದು. ಆದರೆ ಮುಖ್ಯ ಎಚ್ಚರಿಕೆ ಇಲ್ಲೂ ಬಿಟ್ಟುಹೋಗಿದೆ: ಕಾಯಬೇಕಾದದ್ದು ಅಂಕಿಯನ್ನಲ್ಲ, ಮನುಷ್ಯನನ್ನು. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ಹೆಚ್ಚಾಗಿ ಮೂರರಿಂದ ಏಳನೆಯ ದಿನದ ನಡುವೆ. ಜ್ವರ ಬಿಟ್ಟಿತೆಂದು ಎಲ್ಲರೂ ಹಗುರಾದಾಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಿಂದ ರಕ್ತ, ತೀರ ಮಂಕು, ಕೈಕಾಲು ತಣ್ಣಗಾಗುವುದು ಕಂಡರೆ ಪ್ಲೇಟ್ಲೆಟ್ 90 ಸಾವಿರ ಇದ್ದರೂ ರಾತ್ರಿಯೇ ದವಾಖಾನೆಗೆ ಒಯ್ಯಬೇಕು. ಇದ್ಯಾವುದೂ ಇಲ್ಲದೆ 40 ಸಾವಿರ ಬಂದರೆ ಡಾಕ್ಟರ ಕಣ್ಣಳತೆಯಲ್ಲಿರಬೇಕು, ಆದರೆ ಪ್ಲೇಟ್ಲೆಟ್ ಹಾಕಿಸಲು ಓಡಾಡಬೇಕಿಲ್ಲ. ರಕ್ತ ಸೋರದಿದ್ದವರಿಗೆ ಆ ವಿಚಾರ ಬರುವುದು ಸಾಮಾನ್ಯವಾಗಿ 10 ಸಾವಿರದ ಕೆಳಗೆ.

ಜ್ವರವೇ ಇಲ್ಲದ, ಗಟ್ಟಿಮುಟ್ಟಾದ ಮನುಷ್ಯನಿಗೆ 35 ಸಾವಿರ ಬಂದರೆ? ರಕ್ತ ಹೆಪ್ಪುಗಟ್ಟದಂತೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕುವ ಇಡಿಟಿಎ ಕೆಲವರ ರಕ್ತದಲ್ಲಿ ಪ್ಲೇಟ್ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಮಷೀನು ಆ ಗುಂಪನ್ನು ಎಣಿಸುವುದಿಲ್ಲ, ಅಂಕಿ ಬಿದ್ದುಹೋಗುತ್ತದೆ. ಗಾಜಿನ ಮೇಲೆ ರಕ್ತ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪುಗಳು ಕಾಣುತ್ತವೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು ಎಣಿಸುತ್ತಾರೆ. ರಿಪೋರ್ಟಿನ ತಳದಲ್ಲಿ "ಪ್ಲೇಟ್ಲೆಟ್ ಕ್ಲಂಪ್ಸ್" ಎಂದು ಬರೆದಿದ್ದರೆ ಅರ್ಥ ಇದೇ. ಪುಸ್ತಿಕೆಯಲ್ಲಿ ಈ ಶಬ್ದವೇ ಇಲ್ಲ.

ವಿಡಾಲ್ ಸಾಲು ಪೂರ್ತಿ ಹೊಸದಾಗಿ ಬರೆಯಬೇಕು. "1:80ರ ಮೇಲೆ ಬಂದರೆ ಟೈಫಾಯ್ಡ್ ಇದೆ" ಎಂದಿದೆ. ವಿಡಾಲ್ ರೋಗಾಣುವನ್ನು ಹುಡುಕುವ ಪರೀಕ್ಷೆಯಲ್ಲ. ಟೈಫಾಯ್ಡ್ ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಎಷ್ಟಿದೆ ಎಂದು ನೋಡುತ್ತದೆ. 1:80 ಎಂದರೆ ರಕ್ತದ ನೀರನ್ನು ಎಂಬತ್ತು ಪಾಲಿಗೆ ತೆಳು ಮಾಡಿದರೂ ಅದು ಹಿಡಿಯಿತು ಎಂದರ್ಥ. ಟೈಫಾಯ್ಡ್ ಹರಡಿರುವ ನಮ್ಮಂಥ ಕಡೆ ಜ್ವರವೇ ಇಲ್ಲದವರಲ್ಲೂ ಇಷ್ಟು ಸಿಗುತ್ತದೆ. ಹಿಂದೆ ಬಂದುಹೋದ ಟೈಫಾಯ್ಡ್, ಲಸಿಕೆ, ಬೇರೆ ಜ್ವರ ಕೂಡ ಇದನ್ನು ಏರಿಸಬಹುದು. ತಿರುಗಿ, ನಿಜವಾದ ಟೈಫಾಯ್ಡಿನ ಮೊದಲ ವಾರದಲ್ಲಿ ಏನೂ ಬರದಿರಬಹುದು. ಒಂದೇ ವಿಡಾಲ್ ಹಿಡಿದು ಹದಿನಾಲ್ಕು ದಿನ ಆಂಟಿಬಯಾಟಿಕ್ ನುಂಗಿದರೆ ನಿಜವಾದ ಬ್ಯಾನಿ ಒಳಗೇ ಉಳಿದೀತು. ಖಾತ್ರಿ ಬೇಕಾದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರಿಗೆ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ಕೊಡಬೇಕು, ರಿಪೋರ್ಟಿಗೆ ಎರಡು-ಮೂರು ದಿನ ಕಾಯಬೇಕು.

ಭಾಷೆಯ ಬಗ್ಗೆ ಒಂದು ಮಾತು. ಲಿವರ್ ಎಂದು ಎಲ್ಲರೂ ಅನ್ನುವಾಗ "ಪಿತ್ತಜನಕಾಂಗ" ಎಂದು ಬರೆದರೆ ಅರ್ಥಕ್ಕೆ ಇನ್ನೊಂದು ಅರ್ಥ ಹೇಳಬೇಕಾಗುತ್ತದೆ. ಟಿಎಸ್‌ಎಚ್‌ಗೆ ಬರೆದ "ಥೈರಾಯ್ಡ್ ಪ್ರಚೋದಕ ಅಂತಃಸ್ರಾವ" ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಮೇಜಿನ ಹುಡುಗಿ ಇದನ್ನು ಬಾಯಲ್ಲಿ ಹೇಳುವ ರೀತಿಯೇ ಅಚ್ಚಿಗೆ ತಕ್ಕದ್ದು: "ಥೈರಾಯ್ಡ್ ಸಾವಕಾಶ ಕೆಲಸ ಮಾಡಾಕತ್ತಿದ್ರ ಮೆದುಳಿನ ಬುಡದಾಗಿನ ಗ್ರಂಥಿ ಜೋರ್ ಮಾಡಿ ಕೂಗ್ತೈತ್ರಿ. ಆ ಕೂಗು ಟಿಎಸ್‌ಎಚ್. ಕೂಗು ಹೆಚ್ಚಾತಂದ್ರ ಥೈರಾಯ್ಡ್ ಕಡಿಮಿ ಅಂತ ತಿಳಕೋರಿ." ಅಂಕಿ ಏರಿದರೆ ಥೈರಾಯ್ಡ್ ಮಂದ, ಅಂಕಿ ಇಳಿದರೆ ಥೈರಾಯ್ಡ್ ಚುರುಕು. ಈ ತಿರುವುಮುರುವು ಗೊತ್ತಿಲ್ಲದೆ "ಹೆಚ್ಚಾಗೈತಿ, ಗುಳಿಗಿ ಬಿಡೋಣು" ಎಂದು ಬಿಟ್ಟವರಿದ್ದಾರೆ. ಥೈರಾಯ್ಡ್ ಗುಳಿಗೆ ಬೆಳಗ್ಗೆ ಬರೀ ನೀರಿನ ಜೊತೆ, ತಿಂಡಿ-ಚಹಾಕ್ಕೆ ಅರ್ಧದಿಂದ ಒಂದು ತಾಸು ಮುಂಚೆ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ ನಾಲ್ಕು ತಾಸು ಅಂತರ.

ಬಿಲಿರುಬಿನ್ (ಹಳೆಯ ಕೆಂಪು ಕಣ ಒಡೆದಾಗ ಹುಟ್ಟುವ ಹಳದಿ ಪದಾರ್ಥ) ಎದುರಿಗೆ "ಕಾಮಾಲೆ" ಎಂದಷ್ಟೇ ಇದೆ. ಇಲ್ಲಿಯವರು ಅನ್ನುವ "ಕಾಮಣಿ" ಹಾಕಲೇಬೇಕು, ಜೊತೆಗೆ ಕಾಮಣಿ ಒಂದು ಬ್ಯಾನಿಯಲ್ಲ, ಹಲವು ಬ್ಯಾನಿಗಳ ಗುರುತು ಎಂದು ಬರೆಯಬೇಕು. ವೈರಸ್‌ನಿಂದ ಲಿವರ್ ಬಾತರೂ ಕಣ್ಣು ಹಳದಿ, ಸೆರೆಯಿಂದ ಲಿವರ್ ಕೆಟ್ಟರೂ ಹಳದಿ, ಪಿತ್ತನಾಳದಲ್ಲಿ ಹರಳು ಸಿಕ್ಕರೂ ಹಳದಿ. ಡೈರೆಕ್ಟ್ ಬಿಲಿರುಬಿನ್ (ಲಿವರ್ ಹದ ಮಾಡಿ ಪಿತ್ತಕ್ಕೆ ಬಿಡುವ ಪಾಲು) ಏರಿದ್ದು, ಸಂಡಾಸ ಸುಣ್ಣದ ಹಾಗೆ ಬೆಳ್ಳಗಾಗಿ ಮೈ ತುರಿಸುತ್ತಿದ್ದರೆ ನಾಳ ಕಟ್ಟಿರುವ ಸಂಭವ ಹೆಚ್ಚು. ಆಗ ಸೊಪ್ಪಿನ ರಸ ಕುಡಿಸುತ್ತ ವಾರ ಕಳೆಯಬಾರದು, ಸ್ಕ್ಯಾನಿಂಗ್ ಬೇಕು. ಇದರ ಮೇಲೆ ಚಳಿಜ್ವರವೂ ಬಂದರೆ ಅದೇ ದಿನ ಆಸ್ಪತ್ರೆ.

ಅಂಕಿಯ ಪಕ್ಕ ಬರುವ ಎಚ್ (ಹೆಚ್ಚು) ಮತ್ತು ಎಲ್ (ಕಡಿಮೆ) ಗುರುತಿಗೆ ಅರ್ಧ ಪುಟ ಕೊಟ್ಟದ್ದು ಮೆಚ್ಚಬೇಕಾದ ಸಂಗತಿ. "ಇರಬೇಕಾದ ಅಂಕಿ" ಎಂಬುದನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಗೆರೆ ಎಳೆದು ಗುರುತಿಸುತ್ತಾರೆ. ಉಳಿದ ಐವರು ಗಟ್ಟಿಮುಟ್ಟಾಗಿದ್ದೂ ಗೆರೆಯ ಹೊರಗೆ. ಪೂರ್ತಿ ಪ್ಯಾಕೇಜ್ ಎಂದು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ತಪಾಸಣೆ ಒಟ್ಟಿಗೆ ಮಾಡಿಸಿದರೆ, ಬ್ಯಾನಿಯೇ ಇಲ್ಲದ ನೂರು ಜನರಲ್ಲಿ ಸುಮಾರು 64 ಮಂದಿಗೆ ಒಂದಾದರೂ ದಪ್ಪ ಅಕ್ಷರ ಸಿಗುತ್ತದೆ. ಪೊಟ್ಯಾಶಿಯಂ ಮಾತ್ರ ಇದಕ್ಕೆ ಹೊರತು ಎಂದು ಸೇರಿಸಬೇಕು. 3.5ರಿಂದ 5 ಇರಬೇಕಾದದ್ದು 6 ದಾಟಿದರೆ ಎದೆಬಡಿತವೇ ತಪ್ಪಬಹುದು, ಆ ರಾತ್ರಿಯೇ ದವಾಖಾನೆ. ರಿಪೋರ್ಟಿನಲ್ಲಿ "ಹಿಮೊಲೈಸ್ಡ್" ಎಂದಿದ್ದರೆ ಟ್ಯೂಬಿನಲ್ಲಿ ಕೆಂಪು ಕಣ ಒಡೆದು ಅಂಕಿ ಸುಳ್ಳೇ ಏರಿರಬಹುದು. ಆದರೂ ತಡಮಾಡದೆ ಮತ್ತೆ ರಕ್ತ ಕೊಟ್ಟು ನೋಡಬೇಕು.

ಮೇಜಿನ ಸೇವೆಗೆ ಪೂರ್ತಿ ಅಂಕ. ಆ ಹುಡುಗಿ ಶಬ್ದದ ಅರ್ಥ ಹೇಳುತ್ತಾಳೆ, ಗುಳಿಗೆ ಹೇಳುವುದಿಲ್ಲ. "ಅದನ್ನ ಡಾಕ್ಟರ್ನ ಕೇಳ್ರಿ" ಎಂದು ಚೀಟಿಯ ಮೇಲೆ ಕೇಳಬೇಕಾದ ಪ್ರಶ್ನೆ ಬರೆದುಕೊಡುತ್ತಾಳೆ. ಕೊರತೆ ಇರುವುದು ಹೊತ್ತಿನದು. ಮೇಜು ಮಧ್ಯಾಹ್ನ 1ಕ್ಕೆ ಮುಚ್ಚುತ್ತದೆ, ರಿಪೋರ್ಟ್ ಬರುವುದು ಸಂಜೆ 5ರ ಮೇಲೆ. ಬೆಳಗಿನ ಎರಡು ತಾಸು ಬಿಟ್ಟು ಸಂಜೆ 5ರಿಂದ 7 ಕೂರಿಸಿದರೆ ನಿಜವಾಗಿ ಬೇಕಾದವರಿಗೆ ಸಿಗುತ್ತದೆ. ಅಚ್ಚಿನ ಅಕ್ಷರವೂ ತೀರ ಸಣ್ಣದು, ಚಾಳೀಸು ಹಾಕಿದವರಿಗೂ ಬಲ್ಬಿನ ಬೆಳಕಿನಲ್ಲಿ ಓದಲಾಗದು. ಪುಟ ಹನ್ನೆರಡಾದರೂ ಸರಿ, ಅಕ್ಷರ ದೊಡ್ಡದಾಗಬೇಕು.

ತಪ್ಪುಗಳಿದ್ದರೂ ಈ ಪುಸ್ತಿಕೆ ಇಸಿದುಕೊಳ್ಳಬೇಕಾದದ್ದೇ. ಗದ್ದಲದ ದಿನ ಪಿನ್ ಹೊಡೆಯಲು ಮರೆಯುತ್ತಾರೆ. ರಿಪೋರ್ಟ್ ಕೈಗೆ ಬಂದಾಗ "ಕನ್ನಡ ಹಾಳಿ ಕೊಡ್ರಿ" ಎಂದು ಬಾಯಿಬಿಟ್ಟು ಕೇಳಿ. ಬಸ್ಸು ಹತ್ತುವ ಮೊದಲೇ 5ನೇ ಪುಟದ ಕ್ರಿಯಾಟಿನಿನ್ ಸಾಲಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ "ಇಜಿಎಫ್‌ಆರ್ ನೋಡಬೇಕು" ಎಂದು, ವಿಡಾಲ್ ಸಾಲಿಗೆ "ಡಾಕ್ಟರನ್ನು ಕೇಳಬೇಕು" ಎಂದು ಬರೆದುಕೊಳ್ಳಿ.